ಆಟಗಾರನು ಗುರುವಾದ ಬಗೆ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಅರಸನ ಮುಂದೆ ವಾದಿಸುವ ಪ್ರಸಂಗವೊಂದುಂಟು. ಅದನ್ನು ತೀರ್ಮಾನಿಸಲು ಕುಳಿತ ಪರಿವ್ರಾಜಿಕೆಯು, ಆಚಾರ್ಯರಿಬ್ಬರೂ ತಾವೇ ಕುಣಿದು ತೋರಿಸಲೆಂದು ಕೇಳುವುದಿಲ್ಲ. ಅವರ ಶಿಷ್ಯೆಯರ ಪ್ರಯೋಗವನ್ನು ನೋಡೋಣವೆನ್ನುತ್ತಾಳೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪಾಠಶಾಲೆಯಲ್ಲಿ ಸೀಮೆಸುಣ್ಣದ ಕಡ್ಡಿ ಹಿಡಿದು ನಿಂತಿದ್ದ ನಮಗೆ ಈ ತೀರ್ಪು ಮೊದಲಿನಿಂದಲೂ ಒಪ್ಪಿಗೆಯಾದುದು. ಅಮರಕೋಶವನ್ನು ಆದ್ಯಂತ ಬಾಯಿಪಾಠ ಒಪ್ಪಿಸಬಲ್ಲ ವಿದ್ವಾಂಸರು ಹುಡುಗನೊಬ್ಬನಿಗೆ ‘ರಾಮ’ ಶಬ್ದದ ಏಳು ವಿಭಕ್ತಿಗಳನ್ನು ಕಲಿಸಲಾರದೆ ಬೆವರಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದಕ್ಕೆ ವಿಪರ್ಯಯವಾಗಿ, ತಮಗೆ ಅಷ್ಟಾಗಿ ತಿಳಿಯದಿದ್ದರೂ ಹುಡುಗರನ್ನು ಗೆಲ್ಲಿಸಿದವರನ್ನೂ ಕಂಡಿದ್ದೇವೆ. ಎರಡೂ ಒಬ್ಬನಲ್ಲಿ ಕೂಡಿಬರುವುದು ಅಪರೂಪ.

ಈ ತಿಂಗಳು ವಾಚಕರ ಮುಂದೆ ಇಡುವುದು ಅಂಥ ಒಬ್ಬನ ವೃತ್ತಾಂತ. ಆತನು ಪಂಡಿತನಲ್ಲ, ನಟನಲ್ಲ. ಚೆಂಡನ್ನು ಕಾಲಿನಿಂದ ಒದೆದು ಅನ್ನ ಸಂಪಾದಿಸಿದವನು. ಐರ್ಲೆಂಡ್ ದೇಶದವನು. ಹೆಸರು ರೋನನ್ ಓಗಾರಾ. ಚೆಂಡಾಟದವನ ಚರಿತ್ರೆಯು ಗೃಹಸ್ಥರ ಪತ್ರಿಕೆಗೇಕೆಂದು ಹುಬ್ಬು ಗಂಟಿಕ್ಕುವವರು ಇರಬಹುದು. ನಾವೂ ಹಾಗೆಯೇ ಹುಬ್ಬು ಗಂಟಿಕ್ಕಿದವರು. ನಮ್ಮ ತಂಗಿಯ ಮೊಮ್ಮಗನು ರಜೆಗೆ ಬಂದಾಗ, ‘ಅಜ್ಜಾ, ಇದೊಂದು ಆಟ ನೋಡಿ’ ಎಂದು ಕೈಯ ದೂರವಾಣಿಯ ಪರದೆಯನ್ನು ನಮ್ಮ ಕನ್ನಡಕದ ಮುಂದೆ ಹಿಡಿದನು. ಒಬ್ಬರ ಮೇಲೊಬ್ಬರು ಬಿದ್ದು ಕೆಸರಿನಲ್ಲಿ ಹೊರಳುವ ಮೂವತ್ತು ಮಂದಿ ದಾಂಡಿಗರನ್ನು ಕಂಡು, ಇದೇನು ಆಟವೋ ಜಗಳವೋ ಎಂದೆವು. ಹುಡುಗನು ಬಿಡಲಿಲ್ಲ. ರಜೆ ಮುಗಿಯುವಷ್ಟರಲ್ಲಿ ಅವನಿಗಿಂತ ನಮಗೇ ಅದರ ಹುಚ್ಚು ಹೆಚ್ಚಾಗಿತ್ತು.

ಆಟದ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳದಿದ್ದರೆ ಮುಂದಿನ ಕಥೆ ತಿಳಿಯದು. ರಗ್ಬಿಯೆಂಬುದು ಇಂಗ್ಲೆಂಡಿನ ಒಂದು ಊರು. ಅಲ್ಲಿನ ಪಾಠಶಾಲೆಯಿಂದ ಹಬ್ಬಿದ ಆಟಕ್ಕೆ ಆ ಊರಿನ ಹೆಸರೇ ನಿಂತಿತು. ಪಕ್ಷಕ್ಕೆ 15 ಮಂದಿ. ಆಟದ ಕಾಲ 80 ನಿಮಿಷ. ಚೆಂಡು ಗುಂಡಗಿಲ್ಲ, ಕೋಳಿಮೊಟ್ಟೆಯ ಆಕಾರದ್ದು. ಆದುದರಿಂದ ನೆಲಕ್ಕೆ ಬಿದ್ದರೆ ಯಾವ ಕಡೆಗೆ ಪುಟಿಯುವುದೆಂದು ಬ್ರಹ್ಮನಿಗೂ ತಿಳಿಯದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಕೈಯಿಂದ ಎಸೆಯುವುದಾದರೆ ಮುಂದಕ್ಕೆ ಎಸೆಯಕೂಡದು. ಎದುರಾಳಿಯ ಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ 5 ಅಂಕ. ಇದನ್ನು ‘ಟ್ರೈ’ ಎನ್ನುತ್ತಾರೆ. ಆಮೇಲೆ ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಒದೆದರೆ ಇನ್ನು 2. ಎದುರಾಳಿಯು ನಿಯಮ ಮೀರಿದಾಗ ದೊರೆಯುವ ‘ಪೆನಾಲ್ಟಿ’ಯ ಒದೆತಕ್ಕೆ 3. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಕೆಡವಿ, ಅದು ಪುಟಿದ ಕ್ಷಣದಲ್ಲಿಯೇ ಒದೆದು ಕಂಬಗಳ ನಡುವೆ ಕಳುಹಿಸಿದರೆ ಅದಕ್ಕೂ 3. ಇದು ‘ಡ್ರಾಪ್ ಗೋಲ್’. ಹತ್ತನೆಯ ಅಂಗಿ ತೊಟ್ಟವನು ತಂಡದ ಸೂತ್ರಧಾರ. ಓಡುವುದೋ ಒದೆಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವವನು ಅವನೇ. ಓಗಾರಾ ಆ ಸ್ಥಾನದವನು.

ಈ ಆಟಕ್ಕೂ ನಮ್ಮ ದೇಶಕ್ಕೂ ನಂಟೇ ಇಲ್ಲವೆನ್ನುವಂತಿಲ್ಲ. ಕಲ್ಕತ್ತೆಯಲ್ಲಿದ್ದ ಆಂಗ್ಲರು 1873ರಲ್ಲಿ ಕಟ್ಟಿದ ಕೂಟವೊಂದು ಐದು ವರ್ಷಗಳಲ್ಲಿಯೇ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿಯ ರೂಪಾಯಿಗಳಾಗಿ ತೆಗೆದುಕೊಂಡು, ಅವನ್ನೇ ಕರಗಿಸಿ, ಮೂರು ನಾಗರಹಾವುಗಳ ಹಿಡಿಯೂ ಮುಚ್ಚಳದ ಮೇಲೆ ಆನೆಯೂ ಇರುವ ಪಾತ್ರೆಯನ್ನು ಮಾಡಿಸಿದರು. ಇಂಗ್ಲೆಂಡ್ ಸ್ಕಾಟ್ಲೆಂಡ್‌ಗಳು ಈಗಲೂ ವರ್ಷವರ್ಷವೂ ಸೆಣಸುವುದು ನಮ್ಮ ರೂಪಾಯಿಯಿಂದಾದ ಆ ಪಾತ್ರೆಗಾಗಿ. ಇರಲಿ.

ಓಗಾರಾ ಹುಟ್ಟಿದ್ದು 1977ರ ಮಾರ್ಚ್ 7ರಂದು, ಅಮೆರಿಕಾದ ಸ್ಯಾನ್ ಡಿಯೇಗೋ ನಗರದಲ್ಲಿ. ತಂದೆ ಸೂಕ್ಷ್ಮಜೀವಿಶಾಸ್ತ್ರದ ವಿದ್ವಾಂಸ. ಮಗು ಬೆಳೆದದ್ದು ಮಾತ್ರ ಐರ್ಲೆಂಡಿನ ದಕ್ಷಿಣದ ಕಾರ್ಕ್ ಪಟ್ಟಣದಲ್ಲಿ. ಶಾಲೆ ಕಾಲೇಜುಗಳೂ ಅಲ್ಲಿಯೇ. ಆತನು ಪ್ರಾಯಕ್ಕೆ ಬರುವ ಕಾಲಕ್ಕೆ ಆಟದ ವ್ಯವಸ್ಥೆಯೇ ಬದಲಾಯಿತು. 1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್ ಆಟದಲ್ಲಿ ಸಂಬಳ ಪಡೆಯುವುದು ನಿಷಿದ್ಧವಾಗಿತ್ತು. ವೈದ್ಯರು, ವಕೀಲರು, ಒಕ್ಕಲಿಗರು, ಉಪಾಧ್ಯಾಯರು ತಮ್ಮ ತಮ್ಮ ಕಸುಬು ಮುಗಿಸಿ ಸಂಜೆ ಅಭ್ಯಾಸಮಾಡಿ ಶನಿವಾರ ಆಡುತ್ತಿದ್ದರು. ಆ ವರ್ಷ ಆ ಕಟ್ಟು ಸಡಿಲಿತು. ಓಗಾರಾ 1997ರಲ್ಲಿ ತನ್ನ ಪ್ರಾಂತವಾದ ಮನ್‌ಸ್ಟರಿನ ತಂಡವನ್ನು ಸೇರಿದಾಗ, ಆಟವೇ ಜೀವನೋಪಾಯವಾಗಬಹುದೆಂಬ ಧೈರ್ಯದಿಂದ ಕಾಲಿಟ್ಟ ಮೊದಲ ತಲೆಮಾರಿನವರಲ್ಲಿ ಒಬ್ಬನಾದನು. ಈ ಧೈರ್ಯದ ಇನ್ನೊಂದು ಮುಖವನ್ನು ಮನೆವಾರ್ತೆ ಬಲ್ಲ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಹವ್ಯಾಸದಲ್ಲಿ ತಪ್ಪಿದರೆ ನಗೆ, ಕಸುಬಿನಲ್ಲಿ ತಪ್ಪಿದರೆ ಊಟಕ್ಕೇ ಸಂಚಕಾರ.

2000ದ ಫೆಬ್ರವರಿ 19ರಂದು ಡಬ್ಲಿನ್ ನಗರದ ಲ್ಯಾನ್ಸ್‌ಡೌನ್ ರಸ್ತೆಯ ಮೈದಾನದಲ್ಲಿ ಆತನು ಮೊದಲಬಾರಿಗೆ ಐರ್ಲೆಂಡಿನ ಅಂಗಿ ತೊಟ್ಟನು. ಅಂದು ಸ್ಕಾಟ್ಲೆಂಡ್ 44–22ರಿಂದ ಸೋತಿತು. ಭಾಗ್ಯೋದಯವೆಂದೇ ಎಲ್ಲರೂ ಎಣಿಸಿದರು. ಆದರೆ ಮೂರು ತಿಂಗಳು ಕಳೆದ ಮೇಲೆ, ಮೇ 27ರಂದು, ಲಂಡನ್ನಿನ ಟ್ವಿಕೆನಮ್ ಮೈದಾನದಲ್ಲಿ ಐರೋಪ್ಯ ಪಂದ್ಯಾವಳಿಯ ಅಂತಿಮ ಸ್ಪರ್ಧೆ ಬಂದಿತು. ಎದುರಾಳಿ ಇಂಗ್ಲೆಂಡಿನ ನಾರ್ಥಾಂಪ್ಟನ್ ತಂಡ. ಸಾವಿರಾರು ಮನ್‌ಸ್ಟರಿಗರು ಕಡಲು ದಾಟಿ ಬಂದಿದ್ದರು. ಫಲಿತಾಂಶ 9–8. ಒಂದೇ ಒಂದು ಅಂಕದ ಸೋಲು! ಮನ್‌ಸ್ಟರಿನ ಆ ಎಂಟು ಅಂಕಗಳಲ್ಲಿ ಓಗಾರಾನ ಕಾಲಿನಿಂದ ಬಂದದ್ದು ಒಂದೂ ಇಲ್ಲ. ಒದೆತದ ಮೇಲೆ ಒದೆತ ತಪ್ಪಿತು. ಕೊನೆಯ ನಿಮಿಷಗಳಲ್ಲಿ ದೊರೆತ ಪೆನಾಲ್ಟಿಯೂ ಕಂಬಗಳ ಹೊರಗೇ ಹೋಯಿತು. ಅವುಗಳಲ್ಲಿ ಯಾವುದಾದರೂ ಒಂದು ಒಳಗೆ ಬಿದ್ದಿದ್ದರೆ ಸಾಕಾಗಿತ್ತು. ಆತನಿಗೆ ಆಗ 23 ವರ್ಷ.

ಒದೆಯುವವನ ಕಷ್ಟವನ್ನು ಸ್ವಲ್ಪ ಯೋಚಿಸಬೇಕು. ಇತರ ಹದಿನಾಲ್ವರ ತಪ್ಪು ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ಇವನದು ಹಾಗಲ್ಲ. ಆಟ ನಿಲ್ಲುತ್ತದೆ, ಎಲ್ಲರೂ ದೂರ ಸರಿಯುತ್ತಾರೆ, ಚೆಂಡನ್ನು ನೆಟ್ಟಗೆ ನಿಲ್ಲಿಸಿ, ಹಿಂದಕ್ಕೆ ಹೆಜ್ಜೆಯಿಟ್ಟು, ಉಸಿರು ಕಟ್ಟಿ ನಿಲ್ಲುವವನು ಇವನೊಬ್ಬನೇ. ಮನ್‌ಸ್ಟರಿನವರ ತವರಾದ ಲಿಮರಿಕ್ ಪಟ್ಟಣದ ಥೋಮಂಡ್ ಪಾರ್ಕಿನಲ್ಲಿ ಒಂದು ಸಂಪ್ರದಾಯವಿದೆ. ಒದೆಯುವವನು ಚೆಂಡಿನ ಮುಂದೆ ನಿಂತನೆಂದರೆ ಇಡೀ ಸಭೆ ಮೌನ ತಾಳುತ್ತದೆ. ಒದೆಯುವವನು ಪರಪಕ್ಷದವನಾದರೂ ಸರಿಯೆ. ಶತ್ರುವಿಗೆ ಸಲ್ಲಿಸುವ ಈ ಮರ್ಯಾದೆಯು ನಮಗೆ ಬಹಳ ಮೆಚ್ಚಿಗೆಯಾಯಿತು. ಆದರೆ ನಮ್ಮ ಗೃಹಿಣಿಯವರು ಪಕ್ಕದಲ್ಲಿ ಕುಳಿತು ನೋಡಿ ಬೇರೆಯೇ ಮಾತಾಡಿದರು: ‘ಅಷ್ಟು ಜನ ಬಾಯಿ ಮುಚ್ಚಿಕೊಂಡು ದಿಟ್ಟಿಸಿದರೆ ಅನ್ನ ಬಸಿಯುವವಳ ಕೈಯೂ ನಡುಗೀತು.’ ಇದೂ ನಿಜವೆಂದು ಈಚೆಗೆ ನಮಗೆ ಅನ್ನಿಸುತ್ತದೆ.

ಆ ಸೋಲಿನ ಬಳಿಕ ಆತನು ಒದೆಯುವುದನ್ನು ಬಿಡಲಿಲ್ಲ, ತಂಡವೂ ಆತನನ್ನು ಬಿಡಲಿಲ್ಲ. 2002ರಲ್ಲಿ ಮನ್‌ಸ್ಟರ್ ಮತ್ತೆ ಅಂತಿಮ ಸ್ಪರ್ಧೆಗೆ ಬಂದು ಮತ್ತೆ ಸೋತಿತು. 2006ರಲ್ಲಿ ಕಾರ್ಡಿಫ್ ನಗರದಲ್ಲಿ ಫ್ರಾನ್ಸಿನ ಬಿಯಾರಿಟ್ಜ್ ತಂಡವನ್ನು 23–19ರಿಂದ ಗೆದ್ದಿತು. ಆ 23ರಲ್ಲಿ 13 ಅಂಕ ಓಗಾರಾನವು. 2008ರಲ್ಲಿ ತುಲೂಸ್ ತಂಡವನ್ನು 16–13ರಿಂದ ಗೆದ್ದಾಗ ಆತನ ಪಾಲು 11. ಐರೋಪ್ಯ ಪಂದ್ಯಾವಳಿಯೊಂದರಲ್ಲಿಯೇ ಆತನು 110 ಪಂದ್ಯಗಳನ್ನಾಡಿ 1,365 ಅಂಕಗಳನ್ನು ಗಳಿಸಿದನು. ಐರ್ಲೆಂಡಿನ ಪರವಾಗಿ 128 ಪಂದ್ಯ, 1,083 ಅಂಕ.

ಅಂಕೆಗಳನ್ನು ಇಷ್ಟಕ್ಕೆ ಬಿಟ್ಟು 2009ನೆಯ ವರ್ಷಕ್ಕೆ ಬರೋಣ. ಒಬ್ಬ ಮನುಷ್ಯನ ಭಾಗ್ಯಚಕ್ರವು ಮೂರೇ ತಿಂಗಳಲ್ಲಿ ಮೇಲಿನಿಂದ ಕೆಳಕ್ಕೆ ತಿರುಗಿದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಕಥೆ ಪುರಾಣಗಳಲ್ಲಿಯೂ ಕಡಮೆ. ಪ್ರತಿವರ್ಷವೂ ಆರು ರಾಷ್ಟ್ರಗಳು ಸೇರಿ ಆಡುವ ಪಂದ್ಯಾವಳಿಯಲ್ಲಿ ಉಳಿದ ಐವರನ್ನೂ ಸೋಲಿಸುವ ಕೀರ್ತಿಯು ಐರ್ಲೆಂಡಿಗೆ 1948ರಿಂದ ಈಚೆಗೆ ದೊರೆತಿರಲಿಲ್ಲ. ಮಾರ್ಚ್ 21ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಕೊನೆಯ ಪಂದ್ಯ. ಐದು ನಿಮಿಷ ಉಳಿದಿರುವಾಗ ವೇಲ್ಸ್ 15–14ರಿಂದ ಮುಂದೆ ಹೋಯಿತು. ಎರಡು ನಿಮಿಷ ಉಳಿದಿರುವಾಗ ಚೆಂಡು ಓಗಾರಾನ ಕೈಗೆ ಬಂದಿತು. ಎದುರಾಳಿಗಳು ಮೈಮೇಲೆ ಬೀಳಲು ಓಡಿಬರುತ್ತಿರುವಂತೆಯೇ ಆತನು ಚೆಂಡನ್ನು ನೆಲಕ್ಕೆ ಕೆಡವಿ ಒದೆದನು. 17–15. ಬಳಿಕ ಕೊನೆಯ ಕ್ಷಣದಲ್ಲಿ ವೇಲ್ಸಿನ ಸ್ಟೀಫನ್ ಜೋನ್ಸ್‌ಗೆ ದೂರದ ಪೆನಾಲ್ಟಿಯೊಂದು ದೊರೆತು, ಅದು ಅಡ್ಡಪಟ್ಟಿಯನ್ನು ಮುಟ್ಟದೆ ಬಿದ್ದಿತು. 61 ವರ್ಷಗಳ ಹಂಬಲ ತೀರಿತು.

ಅದೇ ಜೂನ್ 27. ಬ್ರಿಟನ್ ಐರ್ಲೆಂಡುಗಳ ಶ್ರೇಷ್ಠರನ್ನು ಆರಿಸಿ ಕಟ್ಟಿದ ‘ಲಯನ್ಸ್’ ತಂಡವು ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದಿತು. ಮೂರು ಪಂದ್ಯಗಳಲ್ಲಿ ಮೊದಲನೆಯದು ಸೋತಾಗಿತ್ತು. ಪ್ರಿಟೋರಿಯಾದ ಎರಡನೆಯದೂ ಸೋತರೆ ಸರಣಿಯೇ ಕೈಬಿಟ್ಟಂತೆ. ಓಗಾರಾ ಬದಲಿ ಆಟಗಾರನಾಗಿ ತಡವಾಗಿ ಕಣಕ್ಕಿಳಿದನು. ಎದುರಾಳಿಯೊಬ್ಬನು ಟ್ರೈ ಗಳಿಸಲು ನುಗ್ಗಿದಾಗ ಅವನನ್ನು ತಡೆಯಲಾರದೆ ಹೋದನು. ಆದರೂ ಕೊನೆಯ ನಿಮಿಷಕ್ಕೆ 25–25 ಸಮವಾಗಿತ್ತು. ಚೆಂಡು ಓಗಾರಾನ ಬಳಿ. ಅದನ್ನು ಹೊರಗೆ ಒದೆದು ಆಟ ಮುಗಿಸಿಬಿಟ್ಟಿದ್ದರೆ ಸರಿಸಮ. ಆತನು ಹಾಗೆ ಮಾಡದೆ, ಗೆಲ್ಲಬೇಕೆಂದು ಮುಗಿಲಿಗೆ ಒದೆದು ಅದರ ಹಿಂದೆಯೇ ಓಡಿದನು. ದಕ್ಷಿಣ ಆಫ್ರಿಕಾದ ಫೂರಿ ದು ಪ್ರೀಸ್ ಚೆಂಡು ಹಿಡಿಯಲು ನೆಗೆದಿದ್ದನು. ಗಾಳಿಯಲ್ಲಿರುವವನನ್ನು ಮುಟ್ಟುವುದು ನಿಯಮಭಂಗ. ಓಗಾರಾ ಹೋಗಿ ಡಿಕ್ಕಿಹೊಡೆದನು. ತೀರ್ಪುಗಾರನು ಸೀಟಿ ಊದಿದನು. ಮೋರ್ನೆ ಸ್ಟೇನ್ ಎಂಬ ಯುವಕನು ತನ್ನ ಅರ್ಧದ ಒಳಗಿನಿಂದಲೇ, 50 ಮೀಟರಿಗೂ ಮಿಗಿಲಾದ ದೂರದಿಂದ ಒದೆದು ಕಂಬಗಳ ನಡುವೆ ಹಾಕಿದನು. 28–25. ಸರಣಿ ಮುಗಿದುಹೋಯಿತು.

ಪಂದ್ಯಾನಂತರ ಆತನ ಮೇಲೆ ಸುರಿದ ನಿಂದೆಗೆ ಮಿತಿಯಿಲ್ಲ. ಮಾರ್ಚ್‌ನಲ್ಲಿ ಧೈರ್ಯವೆನ್ನಿಸಿಕೊಂಡದ್ದೇ ಜೂನ್‌ನಲ್ಲಿ ಅವಿವೇಕವೆನ್ನಿಸಿಕೊಂಡಿತು. ಸಮಬಲಕ್ಕೆ ತೃಪ್ತಿಪಟ್ಟಿದ್ದರೆ ಸರಣಿಯನ್ನು ಗೆಲ್ಲುವ ದಾರಿ ಹೇಗೂ ಮುಚ್ಚುತ್ತಿದ್ದಿತು. ಆದಕಾರಣ ಆ ಒದೆತವನ್ನು ನಾವು ತಪ್ಪೆನ್ನಲಾರೆವು. ಆತುರದಿಂದ ಹೋಗಿ ಡಿಕ್ಕಿಹೊಡೆದದ್ದು ಮಾತ್ರ ಶುದ್ಧ ತಪ್ಪು. ಅದನ್ನು ಅಲ್ಲಗಳೆಯುವ ದಾರಿಯಿಲ್ಲ. ತಪ್ಪನ್ನು ಎಲ್ಲರೂ ಕಂಡುಬಿಟ್ಟ ಮೇಲೆ ಅದರೊಡನೆ ಬಾಳುವುದು ಕಷ್ಟದ ವಿದ್ಯೆ. ನಾವೊಮ್ಮೆ ಹಲಗೆಯ ಮೇಲೆ ಒಂದು ಸಮಾಸದ ವಿಗ್ರಹವಾಕ್ಯವನ್ನು ತಪ್ಪಾಗಿ ಬರೆದು, ಹಿಂದಿನ ಮಣೆಯ ಹುಡುಗನೊಬ್ಬನು ಮೆಲ್ಲಗೆ ಎದ್ದು ತೋರಿಸಿಕೊಟ್ಟಾಗ, ಅವನನ್ನೇ ಗದರಿಸಿ ಕೂಡಿಸಿದೆವು. ಇಪ್ಪತ್ತೈದು ವರ್ಷಗಳಾದರೂ ಆ ಹುಡುಗನ ಮುಖ ಮರೆತಿಲ್ಲ. ನಲವತ್ತು ಮಕ್ಕಳ ಮುಂದೆ ಒಪ್ಪಿಕೊಳ್ಳಲಾರದವರು ನಾವು; ಓಗಾರಾನದು ಎರಡು ಖಂಡಗಳ ಜನರ ಕಣ್ಣೆದುರಿನ ತಪ್ಪು.

ಆತನು ಮತ್ತೆ ಆಡಿದನು. 2011ರ ನವೆಂಬರಿನಲ್ಲಿ ಥೋಮಂಡ್ ಪಾರ್ಕಿನಲ್ಲಿ, ಹನ್ನೊಂದು ವರ್ಷಗಳ ಹಿಂದೆ ಆತನನ್ನು ಅಳಿಸಿದ್ದ ಅದೇ ನಾರ್ಥಾಂಪ್ಟನ್ ಎದುರಾಳಿ. ಕಾಲ ಮುಗಿದಿದ್ದರೂ ಚೆಂಡು ಸಾಯುವವರೆಗೆ ಆಟ ನಿಲ್ಲದೆಂಬುದು ನಿಯಮ. ಮನ್‌ಸ್ಟರ್ ಒಂದು ಅಂಕದಿಂದ ಹಿಂದೆ. ತಂಡದವರು ಚೆಂಡನ್ನು ಬಿಡದೆ ಒಂದು, ಎರಡು, ಹತ್ತು, ಇಪ್ಪತ್ತು ಎಂದು 41 ಸಲ ನುಗ್ಗಿದರು. ಒಂದು ಸಲ ಕೈತಪ್ಪಿದ್ದರೆ ಸೋಲು. ಓಗಾರಾ ಅವಸರಪಡದೆ ಹಿಂದೆ ನಿಂತು ಕಾದನು. ನಲವತ್ತೊಂದನೆಯದರ ತರುವಾಯ ಚೆಂಡನ್ನು ತರಿಸಿಕೊಂಡು, ಬಹು ದೂರದಿಂದ ಡ್ರಾಪ್ ಗೋಲ್ ಹೊಡೆದನು. 23–21. ಪ್ರಿಟೋರಿಯಾದಲ್ಲಿ ಒಂದು ಕ್ಷಣ ಕಾಯಲಾರದವನು ಇಲ್ಲಿ ಕಾದ ಬಗೆಯನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ.

ಈ ನಡುವೆ ಆತನ ಪೀಠಕ್ಕೆ ಉತ್ತರಾಧಿಕಾರಿಯೊಬ್ಬನು ಹುಟ್ಟಿಕೊಂಡಿದ್ದನು. ಡಬ್ಲಿನ್ನಿನ ಲೆನ್‌ಸ್ಟರ್ ಪ್ರಾಂತದ ಜಾನಿ ಸೆಕ್ಸ್‌ಟನ್. ಇಬ್ಬರಿಗೂ ಹತ್ತನೆಯ ಅಂಗಿಯೇ ಬೇಕು. ಅಂಗಿ ಇರುವುದು ಒಂದೇ. 2009ರ ಮೇ ತಿಂಗಳಲ್ಲಿ ಲೆನ್‌ಸ್ಟರ್ ಮನ್‌ಸ್ಟರನ್ನು 25–6ರಿಂದ ಮುರಿದಾಗ, ನೆಲಕ್ಕೆ ಬಿದ್ದಿದ್ದ ಓಗಾರಾನ ಮೇಲೆ ಬಾಗಿ ಸೆಕ್ಸ್‌ಟನ್ ಮುಖದ ಹತ್ತಿರವೇ ಅಬ್ಬರಿಸಿದ ಚಿತ್ರವು ಐರ್ಲೆಂಡಿನಲ್ಲಿ ಮನೆಮನೆಗೂ ಪರಿಚಿತ. ಮುಂದೆ ಅಂಗಿಯು ಕ್ರಮವಾಗಿ ಕಿರಿಯನ ಪಾಲಾಯಿತು.

ಇನ್ನು ಕೇಳಿ. 2013ರಲ್ಲಿ ಓಗಾರಾ ಆಟದಿಂದ ನಿವೃತ್ತನಾದನು. ವಯಸ್ಸು 36. ಹುಟ್ಟೂರಿನಂತಿದ್ದ ಕಾರ್ಕ್‌ನಲ್ಲಿಯೇ ಗೌರವದಿಂದ ಇದ್ದುಬಿಡಬಹುದಾಗಿತ್ತು. ಆದರೆ ಸಂಸಾರಸಮೇತನಾಗಿ ಪ್ಯಾರಿಸಿಗೆ ಹೋಗಿ ರಾಸಿಂಗ್ ತಂಡದಲ್ಲಿ ಸಹಾಯಕ ಶಿಕ್ಷಕನಾಗಿ ಸೇರಿದನು. ಅದೇ ವರ್ಷ ಅದೇ ತಂಡಕ್ಕೆ ಆಟಗಾರನಾಗಿ ಬಂದವನು ಯಾರೆನ್ನುವಿರಿ? ಸೆಕ್ಸ್‌ಟನ್! ಮುಖದ ಮೇಲೆ ಅಬ್ಬರಿಸಿದವನಿಗೆ ಒದೆಯುವ ಸೂಕ್ಷ್ಮಗಳನ್ನು ಹೇಳಿಕೊಡುವ ಕೆಲಸ ಅಬ್ಬರಿಸಿಕೊಂಡವನಿಗೆ ಬಂದೊದಗಿತು. ಪರದೇಶದಲ್ಲಿ ಇಬ್ಬರೂ ಸ್ನೇಹಿತರಾದರು. ಎರಡು ವರ್ಷಗಳಾದ ಮೇಲೆ ಸೆಕ್ಸ್‌ಟನ್ ಡಬ್ಲಿನ್ನಿಗೆ ಹಿಂದಿರುಗಿದನು. ಓಗಾರಾನ 1,083 ಅಂಕಗಳ ದಾಖಲೆಯನ್ನು 2023ರಲ್ಲಿ ಮುರಿದವನೂ ಅವನೇ. ತನ್ನ ವಿದ್ಯೆಯನ್ನು ತನ್ನನ್ನು ಮೀರಿಸತಕ್ಕವನಿಗೇ ಕೊಡಬೇಕಾಗುವುದು ನಮ್ಮ ಕಸುಬಿನಲ್ಲಿ ಹೊಸದಲ್ಲ; ಆದರೆ ದಿನವೂ ಅದನ್ನು ನಗುನಗುತ್ತ ಮಾಡುವವರು ವಿರಳ.

ಪ್ಯಾರಿಸಿನಲ್ಲಿ ಆತನು ನಾಲ್ಕು ವರ್ಷಗಳಿಗೂ ಮಿಗಿಲಾಗಿ ಸಹಾಯಕನಾಗಿಯೇ ಇದ್ದನು. ಪರಭಾಷೆಯಲ್ಲಿ ಪಾಠ ಹೇಳಬೇಕಾದ ತೊಡಕನ್ನು ನಾವು ಊಹಿಸಬಲ್ಲೆವು. ತಾನೇ ವಿದ್ಯಾರ್ಥಿಯಾಗಿ ಫ್ರೆಂಚ್ ಕಲಿತುಕೊಂಡು ಕಲಿಸಿದನು. 2016ರ ಜೂನ್ 24ರಂದು ಬಾರ್ಸಿಲೋನಾದಲ್ಲಿ 99,124 ಪ್ರೇಕ್ಷಕರ ಮುಂದೆ ರಾಸಿಂಗ್ ತಂಡವು, ಒಬ್ಬನು ಬಹಿಷ್ಕೃತನಾಗಿ ಹದಿನಾಲ್ಕೇ ಮಂದಿ ಉಳಿದಿದ್ದರೂ, ತುಲೋನ್ ತಂಡವನ್ನು 29–21ರಿಂದ ಸೋಲಿಸಿ ಫ್ರಾನ್ಸಿನ ಚಾಂಪಿಯನ್ ಆಯಿತು. ಹೀಗಿರುವಲ್ಲಿ 2018ರಲ್ಲಿ ಆತನು ಭೂಮಿಯ ಇನ್ನೊಂದು ತುದಿಯ ನ್ಯೂಜಿಲೆಂಡಿಗೆ ಹೊರಟನು, ಅಲ್ಲಿಯೂ ಸಹಾಯಕನಾಗಿಯೇ. ಕ್ರೈಸ್ಟ್‌ಚರ್ಚ್ ನಗರದ ಕ್ರುಸೇಡರ್ಸ್ ತಂಡದಲ್ಲಿ ಸ್ಕಾಟ್ ರಾಬರ್ಟ್‌ಸನ್ನನ ಕೈಕೆಳಗೆ ಎರಡು ಋತು. ಎರಡರಲ್ಲಿಯೂ ತಂಡಕ್ಕೆ ಪ್ರಶಸ್ತಿ. ಜಗತ್ತಿನ ಕೀರ್ತಿಶಾಲಿಗಳ ಸಾಲಿನಲ್ಲಿ 2018ರಲ್ಲಿಯೇ ಹೆಸರು ಸೇರಿದವನು, ಅದೇ ವರ್ಷ ಮತ್ತೊಬ್ಬನ ಕೆಳಗೆ ಕೂತು ಕಲಿಯುತ್ತಿದ್ದನೆಂಬುದು ಗಮನಿಸತಕ್ಕ ವಿಷಯ.

2019ರಲ್ಲಿ ಫ್ರಾನ್ಸಿನ ಪಶ್ಚಿಮ ಕರಾವಳಿಯ ಲಾ ರೊಶೆಲ್ ಎಂಬ ಬಂದರು ಪಟ್ಟಣಕ್ಕೆ ಮುಖ್ಯ ಶಿಕ್ಷಕನಾಗಿ ಬಂದನು. ಆ ಪಟ್ಟಣದ ತಂಡವು ದೊಡ್ಡ ಪ್ರಶಸ್ತಿಯನ್ನು ಕಂಡಿರಲಿಲ್ಲ. ಚೆಂಡನ್ನು ಸಾಯಗೊಡಬಾರದು, ಬಿದ್ದವನ ಕೈಯಿಂದ ನಿಂತವನ ಕೈಗೆ ಅದು ಹರಿಯುತ್ತಲೇ ಇರಬೇಕು ಎಂಬುದು ಆತನ ಪಾಠದ ತಿರುಳು. ಫಲ ಕೂಡಲೆ ಬರಲಿಲ್ಲ. 2021ರಲ್ಲಿ ಯೂರೋಪಿನ ಅಂತಿಮ ಪಂದ್ಯದಲ್ಲಿ ತುಲೂಸಿಗೆ 22–17ರಿಂದ ಸೋಲು; ಒಂದು ತಿಂಗಳ ಬಳಿಕ ಫ್ರಾನ್ಸಿನ ಅಂತಿಮ ಪಂದ್ಯದಲ್ಲಿ ಅದೇ ತುಲೂಸಿಗೆ 18–8ರಿಂದ ಸೋಲು. ಮೊದಲನೆಯ ಸೋಲಾದುದು ಟ್ವಿಕೆನಮ್ ಮೈದಾನದಲ್ಲಿ, 2000ದಲ್ಲಿ ಆತನು ಎಲ್ಲವನ್ನೂ ತಪ್ಪಿಸಿದ್ದ ಸ್ಥಳದಲ್ಲಿಯೇ.

2022ರ ಮೇ 28, ಮಾರ್ಸೇಲ್ ನಗರ. ಎದುರಾಳಿ ಲೆನ್‌ಸ್ಟರ್; ಅದರ ನಾಯಕ ಸೆಕ್ಸ್‌ಟನ್. ಲೆನ್‌ಸ್ಟರಿನ 21 ಅಂಕಗಳೂ ಪೆನಾಲ್ಟಿಯ ಒದೆತಗಳಿಂದಲೇ ಬಂದವು. ಟ್ರೈ ಒಂದೂ ಇಲ್ಲ. ಲಾ ರೊಶೆಲ್ ಗಳಿಸಿದ್ದು ಮೂರು ಟ್ರೈ. ಒದೆತದಿಂದಲೇ ಹೆಸರಾದವನ ಶಿಷ್ಯರು ಓಟದಿಂದ ಗೆದ್ದರು. ಗುರುವು ತನ್ನ ಪಡಿಯಚ್ಚನ್ನು ಒತ್ತುವವನಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕೊನೆಯ ನಿಮಿಷಗಳಲ್ಲಿ 21–17ರಿಂದ ಹಿಂದಿದ್ದ ಅವರು ಗೆರೆಯ ಹತ್ತಿರದಲ್ಲಿಯೇ ಮತ್ತೆ ಮತ್ತೆ ನುಗ್ಗಿದರು. ಯಾರೂ ಅವಸರಪಡಲಿಲ್ಲ. 79ನೆಯ ನಿಮಿಷದಲ್ಲಿ ಆರ್ತ್ಯೂರ್ ರೆತಿಯೇರ್ ಕೈಚಾಚಿ ಚೆಂಡನ್ನು ಗೆರೆಗೆ ಮುಟ್ಟಿಸಿದನು. 24–21. ಲಿಮರಿಕ್ಕಿನ ಆ ನಲವತ್ತೊಂದು ಸಲ ನಮಗೆ ನೆನಪಾಯಿತು. ಓಗಾರಾ ಈ ಸಲ ಅಂಗಳದಲ್ಲಿರಲಿಲ್ಲ. ಹೊರಗೆ ನಿಂತು ಕೈಹಿಸುಕಿಕೊಳ್ಳುವ ಸರದಿ ಆತನದು.

ಆತನನ್ನು ಶಾಂತಮೂರ್ತಿಯೆಂದು ಭಾವಿಸಬಾರದು. ತೀರ್ಪುಗಾರರೊಡನೆ ಕೆರಳಿ ನಡೆದುಕೊಂಡದ್ದಕ್ಕಾಗಿ ಅದೇ 2022ರಲ್ಲಿ ಫ್ರಾನ್ಸಿನ ಅಧಿಕಾರಿಗಳು ಆತನನ್ನು ಒಂದಕ್ಕಿಂತ ಹೆಚ್ಚು ಸಲ ವಾರಗಟ್ಟಲೆ ದೂರವಿಟ್ಟರು. ಶಿಷ್ಯರಿಗೆ ಕಲಿಸಿದ ತಾಳ್ಮೆಯನ್ನು ಗುರುವು ತಾನೇ ಮರೆತ ಸಂದರ್ಭಗಳಿವು. ನಾವು ಹೆಚ್ಚು ಮಾತಾಡುವುದು ತರವಲ್ಲ. ಹಿಂದಿನ ಮಣೆಯ ಹುಡುಗನು ಕೇಳಿಸಿಕೊಂಡಾನು.

ಮರುವರ್ಷ, 2023ರ ಮೇ 20ರಂದು ಅದೇ ಎರಡು ತಂಡಗಳು ಮತ್ತೆ ಎದುರಾದವು. ಈ ಬಾರಿ ಸ್ಥಳ ಡಬ್ಲಿನ್, ಲ್ಯಾನ್ಸ್‌ಡೌನ್ ರಸ್ತೆ. 23 ವರ್ಷಗಳ ಹಿಂದೆ ಆತನು ಮೊದಲಬಾರಿಗೆ ದೇಶದ ಅಂಗಿ ತೊಟ್ಟ ನೆಲವೇ, ಮೇಲಿನ ಕಟ್ಟಡ ಮಾತ್ರ ಹೊಸದು. ಸೆಕ್ಸ್‌ಟನ್ ಗಾಯದಿಂದಾಗಿ ಆಡಲಿಲ್ಲ. ತನ್ನ ದೇಶದ ಜನ ತನ್ನ ಸೋಲನ್ನು ಹಾರೈಸಿ ಕೂಗುತ್ತಿರುವ ಮೈದಾನದಲ್ಲಿ, ಹನ್ನೆರಡು ನಿಮಿಷ ಕಳೆಯುವುದರೊಳಗೆ ಲೆನ್‌ಸ್ಟರ್ 17–0. ಬೇರೆ ಯಾವ ತಂಡವಾದರೂ ಅಲ್ಲಿಗೆ ಕೈಬಿಡುತ್ತಿತ್ತೇನೊ. ಲಾ ರೊಶೆಲಿನವರು ಒಂದೊಂದಾಗಿ ಕಟ್ಟುತ್ತ ಬಂದು 27–26ರಿಂದ ಗೆದ್ದರು. ಒಂದು ಅಂಕ. 2000ದಲ್ಲಿ ಯಾವ ಒಂದು ಅಂಕವು ಆತನ ಕಾಲಿಗೆ ದೊರೆಯದೆ ಹೋಯಿತೋ ಅದು ಇಲ್ಲಿ ಶಿಷ್ಯರ ಕೈಗೆ ದೊರೆಯಿತು.

ನಾಲ್ಕು ವಾರಗಳ ಬಳಿಕ, ಜೂನ್ 17ರಂದು, ಪ್ಯಾರಿಸಿನ ಬಳಿ ಫ್ರಾನ್ಸಿನ ಅಂತಿಮ ಪಂದ್ಯ. ಎದುರಾಳಿ ಮತ್ತೆ ತುಲೂಸ್. ಎರಡು ನಿಮಿಷ ಉಳಿದಿರುವಾಗ ಲಾ ರೊಶೆಲ್ 26–22ರಿಂದ ಮುಂದಿತ್ತು. ಆಗ ತುಲೂಸಿನ ಹತ್ತನೆಯ ಅಂಗಿಯ ರೊಮೆಂ ಎನ್‌ಟಮಾಕ್ ಎಂಬ ತರುಣನು ಚೆಂಡು ಹಿಡಿದು, ಮೈದಾನದ ಅರ್ಧದಷ್ಟು ದೂರವನ್ನು ಒಬ್ಬನೇ ಓಡಿ, ಕಂಬಗಳ ಬುಡದಲ್ಲಿ ಮುಟ್ಟಿಸಿದನು. 29–26. ನಮ್ಮ ತಂಗಿಯ ಮೊಮ್ಮಗನು ಪರದೆಯನ್ನು ಆರಿಸಲು ಕೈಹಾಕಿದನು. ನಾವು ತಡೆದು, ಲಾ ರೊಶೆಲಿನವರು ಮೈದಾನ ಬಿಟ್ಟು ಹೋಗುವವರೆಗೆ ನೋಡಿದೆವು.